ಕೊನೆಯ ಅಳತೆ

ಹನ್ನೊಂದು ಸಾವಿರ ಶಿಲಿಂಗಿಗೆ ಬೈಕು ಬಂತು.
ಬಂತು ಅಂದರೆ ತಳ್ಳಿಕೊಂಡು ಬಂದೆವು
ಕಿಸುಮುವಿನ ಏರುಬಿಸಿಲಲ್ಲಿ,
ನಾನೂ ನನ್ನ ತಂಗಿಯ ಮಗಳು ಅವಿನೋನೂ.
ಮಾರಿದವನು ಹೇಳಿದ್ದ:
ಟಪ್ಪೆಟ್ ಸ್ವಲ್ಪ ಸದ್ದು ಮಾಡುತ್ತೆ. ಅಷ್ಟೇ ಅಮ್ಮಾ.

ಆ 'ಅಷ್ಟೇ' ಈಗ
ನ್ಯಾಂಗ್ವೆಸೊನ ತಗಡಿನ ಚಪ್ಪರದಡಿ
ಗೋಣಿಯ ಮೇಲೆ ತುಂಡುತುಂಡಾಗಿ ಹರಡಿದೆ.

ಎಣ್ಣೆಯನ್ನು ಅವನು ಒಂದು ಕತ್ತರಿಸಿದ ಡಬ್ಬಕ್ಕೆ ಇಳಿಸಿದ.
ಕರಿ ಎಣ್ಣೆಯಲ್ಲಿ ಬೆಳ್ಳಿಯ ಮಿಣುಕು,
ನಡುರಾತ್ರಿ ಸರೋವರದ ಮೇಲೆ
ಲಾಂದ್ರದ ಬೆಳಕಿಗೆ ಮೇಲೆದ್ದ ಒಮೆನಾ ಮೀನಿನ ಹಾಗೆ.
ಇಪ್ಪತ್ತೆರಡು ವರ್ಷ ಆ ಮೀನನ್ನೇ ಒಣಗಿಸಿ ಮಾರಿದವಳು ನಾನು,
ಹೊಳಪು ಕಂಡರೆ ಮೊದಲು ಖುಷಿಯೇ ಆಗುವುದು.
ಬೇರಿಂಗಿನ ಮೈ ಅದು, ಅಂದ.
ಸವೆದು ಸವೆದು ಎಣ್ಣೆಗೆ ಬಂದಿದೆ.

ರಟ್ಟಿನ ಚೂರಿನ ಮೇಲೆ ಬರೆದ:
ಪಿಸ್ಟನ್ನು, ಉಂಗುರ, ಎರಡು ಸಾವಿರದಿನ್ನೂರು.
ಕನೆಕ್ಟಿಂಗ್ ರಾಡು ಮೂರು ಸಾವಿರದ ನಾನೂರು.
ಬೇರಿಂಗು, ಗ್ಯಾಸ್ಕೆಟ್ಟು, ಲೇತಿನವನ ಪಾಲು.
ನನ್ನ ಕೂಲಿ ನೀವೇ ನೋಡಿ ಕೊಡಿ, ಅಂದ.
ನೋಡಿ ಕೊಡುವುದನ್ನೂ ಸೇರಿಸಿದ್ದೇ
ಲೆಕ್ಕ ಬೈಕನ್ನು ಹಿಂದೆ ಹಾಕಿತು.
ಇವತ್ತಿನವರೆಗೆ ಈ ಬೈಕಿನಿಂದ
ಅಷ್ಟು ಜೋರಾಗಿ ಓಡಿದ್ದು ಲೆಕ್ಕ ಒಂದೇ.

ಸಾಲಕ್ಕೆ ಹೊಸದು ಕೊಡುತ್ತಾರೆ, ಗೊತ್ತು.
ದಿನಕ್ಕೆ ನಾನೂರೈವತ್ತು, ಒಂದೂವರೆ ವರ್ಷ.
ಎರಡು ದಿನ ತಪ್ಪಿದರೆ
ಎಲ್ಲೋ ನೈರೋಬಿಯಲ್ಲಿ ಕೂತವನೊಬ್ಬ ಗುಂಡಿ ಒತ್ತಿ
ನಡುದಾರಿಯಲ್ಲೇ ಎಂಜಿನ್ ಆರಿಸುತ್ತಾನಂತೆ,
ಬೆನ್ನ ಹಿಂದೆ ಮೂರು ಮೂಟೆ ಮೀನಿದ್ದರೂ.

ಗುಜರಿಗೆ ಹಾಕಿದರೆ ಕಿಲೋ ಲೆಕ್ಕ.

ಇನ್ನೊಂದು ದಾರಿಯಿದೆ, ತಲೆಯೆತ್ತದೆ ಅಂದ ನ್ಯಾಂಗ್ವೆಸೊ.
ಮುಚ್ಚಿ, ದಪ್ಪ ಎಣ್ಣೆ ಸುರಿದರೆ
ಒಂದು ವಾರ ಸದ್ದು ಅಡಗಿರುತ್ತೆ.
ಸಿಯಾಯಾ ಕಡೆಯ ಸಂತೆಗೆ ಹೊಡೆದುಬಿಡಬಹುದು.
ನಾನು ಬೇಡ ಅನ್ನಲಿಲ್ಲ ಕೂಡಲೇ.
ಸುಳ್ಳೇಕೆ ಹೇಳಲಿ,
ಕೊಳ್ಳಲು ಬರುವವಳ ಮುಖವೂ ಕಣ್ಣಿಗೆ ಕಟ್ಟಿತು:
ನನ್ನಷ್ಟೇ ಎತ್ತರ, ಕೈಯಲ್ಲಿ ಗಂಟು ಹಾಕಿದ ದುಡ್ಡು.

ಅಷ್ಟರಲ್ಲಿ ಅವನು ಪಿಸ್ಟನ್ನಿನ ನೆತ್ತಿಯನ್ನು
ಸೀಮೆಎಣ್ಣೆಯ ಬಟ್ಟೆಯಲ್ಲಿ ತಿಕ್ಕಿದ.
ಮಸಿಯ ಅಡಿಯಿಂದ ಒಂದು ಅಂಕಿ ಎದ್ದಿತು. ಎಪ್ಪತ್ತೈದು.
ಮೂರು ಸಲ ಕೊರೆಸಿದ್ದಾರಲ್ಲ ಅಮ್ಮಾ, ಅಂದ,
ಇಪ್ಪತ್ತೈದು, ಐವತ್ತು, ಎಪ್ಪತ್ತೈದು.
ಇನ್ನು ಒಂದೇ ಅಳತೆ ಬಾಕಿ.
ಅದಾದರೆ ಗೋಡೆ ತೆಳ್ಳಗೆ,
ಕೊರೆಯಲು ಮತ್ತೆ ಲೋಹ ಉಳಿಯಲ್ಲ.

ಅಂದರೆ ನನಗಿಂತ ಮೊದಲು ಮೂವರು
ಹೀಗೇ ಯಾವುದೋ ಗೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು,
ರಟ್ಟಿನ ಚೂರನ್ನು ತಿರುವಿ ತಿರುವಿ ನೋಡಿ,
ಆಯ್ತು ಅಂದಿದ್ದಾರೆ.
ಮೂವರಲ್ಲಿ ಒಬ್ಬ ಎಣ್ಣೆ ನೋಡುವುದನ್ನು ಮರೆತಿದ್ದಾನೆ.

ರಾತ್ರಿ ಪಿಸ್ಟನ್ನನ್ನು ಮನೆಗೆ ತಂದು
ಮೀನಿನ ತಕ್ಕಡಿಗೆ ಹಾಕಿದೆ.
ಒಂದು ಹಿಡಿ ಒಣಮೀನಿನಷ್ಟೂ ತೂಗಲಿಲ್ಲ.
ಗೀರಿನ ಮೇಲೆ ಉಗುರು ಎಳೆಯಬೇಕಂತೆ,
ಸಿಕ್ಕಿಕೊಂಡರೆ ಕೆಟ್ಟಿತು ಅಂತ ಅರ್ಥ.
ಎಳೆದೆ, ಸಿಕ್ಕಿಕೊಂಡಿತು.
ದೀಪ ಹತ್ತಿರ ಸರಿಸಿ ಇನ್ನೊಮ್ಮೆ ಎಳೆದೆ.
ದಿನಾ ಬಾಡಿಗೆ ಬೈಕಿಗೆ ಹೋಗುವ ಮುನ್ನೂರು,
ಒದೆಯೋದು ಕಲಿತುಬಿಟ್ಟೆ ಅನ್ನುವ ಅವಿನೋ,
ಕಾಲು ನೆಲಕ್ಕೆ ನಿಲುಕದಿದ್ದರೂ.
ನಿದ್ದೆ ಬಂದದ್ದು ಯಾವಾಗಲೋ.

ಬೆಳಿಗ್ಗೆ ಸಿಲಿಂಡರನ್ನು ಮೀನಿನ ಬುಟ್ಟಿಯಲ್ಲಿಟ್ಟು
ಲೇತಿನವನ ಹತ್ತಿರಕ್ಕೆ ಬೈಕು ಹಿಡಿದೆ.
ಏನಿದೆ ಅಮ್ಮಾ, ವಾಸನೆಯೇ ಇಲ್ಲ, ಅಂದ ಹುಡುಗ.
ಬಟ್ಟೆ ಸರಿಸಿ ತೋರಿಸಿದೆ.
ಒಳಗೆ ಬೆರಳಾಡಿಸಿದ, ಉಗುರು ನಿಂತಲ್ಲಿ ತಾನೂ ನಿಂತ.
ಎಷ್ಟನೇ ಸಲ?
ನಾಲ್ಕು.
ನೂರು ಕೇಳಿದವನು ಎಂಬತ್ತಕ್ಕೆ ಇಳಿದ.

ದಾರಿಯುದ್ದಕ್ಕೂ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು
ಅವನ ಎಂಜಿನ್ನಿಗೆ ಕಿವಿಗೊಟ್ಟೆ.
ಟಪ್ಪೆಟ್ ಸ್ವಲ್ಪ ಸದ್ದು ಮಾಡುತ್ತಿತ್ತು.
ಅಷ್ಟೇ.