ಅಳತೆ, ಬಣ್ಣ

ಗುತ್ತಲು ರಸ್ತೆಯಲ್ಲಿ ನನ್ನದು ಆರು ಕಂಪ್ಯೂಟರಿನ ಅಂಗಡಿ.
ಗಂಟೆಗೆ ಮೂವತ್ತು. ಕರೆಂಟು ಹೋದರೆ
ಉಳಿದ ನಿಮಿಷವನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ,
ನಾಳೆ ತನ್ನಿ, ನಡೆಯುತ್ತದೆ.

ಅಜ್ಜಿ ಮಲಾರ ಹೊತ್ತವಳು.
ಬೂದನೂರು, ಹನಕೆರೆ, ಇಂಡುವಾಳು, ಜಗಲಿಯಿಂದ ಜಗಲಿಗೆ.
ಕೈ ಹಿಡಿದು ಒಮ್ಮೆ ಹಿಚುಕಿ
‘ಎರಡೂಕಾಲು’ ಅಂದರೆ ಎರಡೂಕಾಲೇ.
ಏರಿಸುವಾಗ ಒಂದು ಬಳೆಯೂ ಒಡೆಯುತ್ತಿರಲಿಲ್ಲ.

ನಾನು ಕೈ ಹಿಡಿಯುವುದಿಲ್ಲ, ನೋಡುತ್ತೇನೆ:
ಬಾಗಿಲಲ್ಲಿ ಚಪ್ಪಲಿ ಬಿಡುವ ಬಗೆ, ಕುರ್ಚಿ ಎಳೆಯುವ ಸದ್ದು,
ಮೌಸಿನ ಮೇಲೆ ಬೆರಳು ಕೂರುವ ಮುಂಚಿನ ಆ ಒಂದು ಚಣ.

ಕರಿಯಪ್ಪಾಜಿ ಬಂದ, ಕಾರ್ಖಾನೆ ಗೇಟಿನ ಸಾಲಿನಲ್ಲಿ
ಕಬ್ಬಿನ ಟ್ರ್ಯಾಕ್ಟರ್ ಮೇಲೆ ಹದಿನಾಲ್ಕು ಗಂಟೆ ಕೂತು.
‘ರೇಸು ಹಾಕ್ಲಾ, ಸ್ಪೀಡಾಗಿರೋದು.’
ಮೊದಲ ತಿರುವಿಗೇ ಬೇಲಿ ಮುರಿದ, ಎರಡನೆಯದಕ್ಕೆ ಸಮುದ್ರ.
ಪಕ್ಕದ ಕುರ್ಚಿಗೆ ಕೂರಿಸಿ ಬೇರೊಂದು ಕೊಟ್ಟೆ:
ನಿನ್ನದೊಂದು ನಡೆ, ಎದುರಿನವನದೊಂದು ನಡೆ,
ನಡುವೆ ಎಷ್ಟು ಹೊತ್ತಾದರೂ ಸುಮ್ಮನಿರಬಹುದು.
ಸುಮ್ಮನಿದ್ದ. ಯಾವ ದೇಶದವನೋ ಕಾದು ಕಾದು ಕೆಟ್ಟು
ಸೋತು, ಯಾವುದೋ ಭಾಷೆಯಲ್ಲಿ ಬೈದ.
‘ಏನಂದ್ನಲಾ?’ ಅಂತ ಕೇಳಿದ ಕರಿಯಪ್ಪಾಜಿ.
ನಮಸ್ಕಾರ ಅಂದ ಅಂತ ಹೇಳಿದೆ.

ವೆಲ್ಡಿಂಗ್ ಶೆಡ್ಡಿನ ಸುಹೇಲನಿಗೆ ಬಂದೂಕು ಬೇಡ.
ಹಗಲೆಲ್ಲ ಕಿಡಿ ಕಂಡ ಕಣ್ಣು ಅದು.
ಚೌಕ ಚೌಕ ಕಲ್ಲಿಟ್ಟು ಕಟ್ಟುವ ಆಟ ಅವನದು.
ಮೂರು ತಿಂಗಳಿಂದ ಸೇತುವೆಯೊಂದನ್ನು ಕಟ್ಟುತ್ತಿದ್ದಾನೆ,
ಕೆಳಗೆ ನದಿಯೇ ಇಲ್ಲ.

ಕಾಲೇಜಿನ ಐವರು ಒಟ್ಟಿಗೇ ಬರುತ್ತಾರೆ.
ಒಬ್ಬ ನುಗ್ಗುತ್ತಾನೆ, ಒಬ್ಬ ಅಡಗುತ್ತಾನೆ,
ಇಬ್ಬರದು ಬರೀ ಬಾಯಿ. ಐದನೆಯವನು
ಗುಂಡಿನ ನಡುವೆ ಮದ್ದಿನ ಚೀಲ ಹಿಡಿದು ಓಡಿ
ಬಿದ್ದವರನ್ನೆಲ್ಲ ಎಬ್ಬಿಸುತ್ತಾನೆ.
ಅವನ ಹೆಸರು ನನಗೆ ನೆನಪಾಗುವುದಿಲ್ಲ.
ಐವರ ದುಡ್ಡೂ ಅವನೇ ಕೊಡುವುದು.

ಹೀಗೆ ನಾಲ್ಕು ವರ್ಷ. ತಪ್ಪಿದ್ದು ಕಡಿಮೆ,
ಅದರಿಂದ ಸ್ವಲ್ಪ ಕೊಬ್ಬೂ ಬಂದಿತ್ತು.

ಜೆರಾಕ್ಸ್ ಅಂಗಡಿಯ ದಾಕ್ಷಾಯಿಣಿ
ಒಂದು ಸಂಜೆ ಬೇಗ ಬಾಗಿಲು ಹಾಕಿ ಬಂದಳು.
ಚಿಲ್ಲರೆಯನ್ನು ದೊಡ್ಡದರ ಮೇಲೆ ಚಿಕ್ಕದಿಟ್ಟು ಗೋಪುರ ಮಾಡಿ ಕೊಟ್ಟವಳು.
ಇನ್ನೇನು ನೋಡುವುದು? ಬಣ್ಣದ ತುಂಡು ಜೋಡಿಸುವ ಆಟ ಹಾಕಿದೆ.
ಹನ್ನೊಂದು ಹಂತ ದಾಟಿದಳು, ಒಂದೂ ತಪ್ಪಿಲ್ಲದೆ.
ನನಗೆ ಹೆಮ್ಮೆ. ಅವಳಿಗೆ ಆಕಳಿಕೆ.
‘ದಿನಾ ಇದೇ ಮಾಡ್ತೀನಿ ಕನಣ್ಣೋ.
ಪುಟ ಜೋಡ್ಸು, ಪಿನ್ನು ಹೊಡಿ, ಆಧಾರ್ ಮುಂದೆ ಹಿಂದೆ.
ಒಡಿಯೋದು ಯಾವ್ದಾದ್ರೂ ಇದ್ರೆ ಕೊಡು.’

ಕೊಟ್ಟೆ.
ನಲವತ್ತು ಸೆಕೆಂಡಿಗೆ ಸತ್ತಳು. ಎದ್ದಳು. ಸತ್ತಳು.
ಗುರಿ ಆಕಾಶಕ್ಕೆ, ಬಾಂಬು ಸ್ವಂತ ಕಾಲಿಗೆ.
ಹದಿನೇಳು ಸಾವು ಒಂದು ಗಂಟೆಯಲ್ಲಿ,
ಪ್ರತಿ ಸಾವಿಗೂ ಒಂದು ನಗು. ಅಂಥ ನಗುವನ್ನು
ಈ ಬೀದಿ ಅವಳಿಂದ ಕೇಳಿಯೇ ಇರಲಿಲ್ಲ.
ಸುಹೇಲ ಕಲ್ಲಿಡುವುದು ಬಿಟ್ಟು ತಿರುಗಿ ನೋಡಿದ.

ಆಗ ನೆನಪಾಯಿತು.
ಅಳತೆ ಹೇಳಿದ ಮೇಲೆ ಅಜ್ಜಿ ಮಲಾರ ಹರಡಿ
ಬೀದಿಯ ಕಡೆ ಮುಖ ಮಾಡಿ ಎಲೆಗೆ ಸುಣ್ಣ ಸವರುತ್ತಿದ್ದಳು.
‘ಅಳ್ತೆ ನಂದು ಮಗಾ, ಬಣ್ಣ ನಿಂದು.’
ಅರ್ಧ ವಿದ್ಯೆ ಕಲಿತು ಅಂಗಡಿ ಇಟ್ಟವನು ನಾನು.

ಈಗ ರಾತ್ರಿ. ಷಟರ್ ಅರ್ಧ ಎಳೆದಿದ್ದೇನೆ.
ಆಟಗಾರನನ್ನು ಆರಿಸಿ ಅನ್ನುವ ಪುಟ ತೆರೆದಿದೆ.
ಕತ್ತಿಯವನು, ಬಿಲ್ಲಿನವಳು, ಮದ್ದಿನ ಚೀಲದವನು,
ಮೂವರೂ ನಿಂತಲ್ಲೇ ಉಸಿರಾಡುತ್ತಿದ್ದಾರೆ, ನನಗಾಗಿ ಕಾದು.
ನನ್ನ ಕೈಯನ್ನು ನಾನೇ ಹಿಚುಕಿ ನೋಡುತ್ತೇನೆ.

ಇದು ಅಜ್ಜಿಗೂ ಬರುತ್ತಿರಲಿಲ್ಲ.
ಅವಳ ತೊಟ್ಟದ್ದು ಸದಾ ಮಾರದೆ ಉಳಿದ ಬಳೆ,
ಒಂದು ಹಸಿರು, ಎರಡು ಊದಾ, ಒಂದೊಂದು ಒಂದೊಂದು ಅಳತೆ.
ಸಡಿಲ.
ಆಚೆ ಬೀದಿಯಲ್ಲಿ ಬರುತ್ತಿದ್ದರೂ ಗೊತ್ತಾಗುತ್ತಿತ್ತು.