ಉಳಿದ ಒಂದು ಸ್ಕ್ರೂ

ಉಲಾನ್‌ಬಾತರಿನಲ್ಲಿ ಮೈನಸ್ ಇಪ್ಪತ್ತೊಂಬತ್ತು.
ತ್ಸೆಂದ್‌ಮಾಳ ಟ್ಯಾಕ್ಸಿಯ ಎಡಗಿಂಡಿ
ಮೂರು ದಿನದಿಂದ ಗಾಳಿ ಬಿಡುತ್ತಿಲ್ಲ;
ಪಕ್ಕ ಕೂತವರು ಕೈಗವಸು ಕಳಚದೆಯೇ
ಚಿಲ್ಲರೆ ಎಣಿಸುತ್ತಾರೆ.
ಮೆಕ್ಯಾನಿಕ್ ಗನ್‌ಸುಖ್ ಹೇಳಿದ ರೇಟಿಗೆ
‘ಅಷ್ಟಕ್ಕೆ ಎರಡು ಕುರಿ ಬರುತ್ತವೆ’ ಅಂದು
ಎದ್ದು ಬಂದವಳು.

ಈ ಚಳಿಗೆ ಪ್ಲಾಸ್ಟಿಕ್ಕೂ ಬಿಸ್ಕತ್ತೇ, ಮುಟ್ಟಿದರೆ ಲಟಕ್.
ಮೊದಲು ಹೇರ್‌ಡ್ರೈಯರಿನಲ್ಲಿ ಪುಸಲಾಯಿಸಿದಳು.
ಸ್ಕ್ರೂಡ್ರೈವರಾದರೆ ಗೀರು ಬೀಳುತ್ತದೆ,
ಮರದ ಸೌಟಿನ ಹಿಡಿಗೆ ಬಟ್ಟೆ ಸುತ್ತಿ
ಸಂದಿಗೆ ತೂರಿಸಿ, ಉಸಿರು ಹಿಡಿದು ಮೀಟಿದರೆ
ಟಕ್.
ಒಂದು ಕ್ಲಿಪ್ಪು. ಟಕ್. ಇನ್ನೊಂದು.
ಮೂರನೆಯದು ಮುರಿಯಿತು.
ಅವಳು ಬೈದದ್ದು ಗ್ಯಾರೇಜಿನ ಗೋಡೆಗಷ್ಟೇ ಗೊತ್ತು.

ಪಟ್ಟಿ ಕಳಚಿದರೆ ಒಳಗೆಲ್ಲ ಬೇರೆ ದೇಶದ ಧೂಳು.
ಕಿಂಡಿಯ ರೆಕ್ಕೆಗಳ ಹಿಂದೆ ಒಂದು ಕಾಯಿ,
ಟೋಪಿ ಹಾಕಿಕೊಂಡ ಪುಟಾಣಿ ಕಾಯಿ,
ಹುಲ್ಲುಗಾವಲಿನಲ್ಲಿ ಹುಟ್ಟಿದ ಅವಳು ಕಂಡಿರದ ಮರದ್ದು.
ಜಪಾನಿನಲ್ಲಿ ಯಾವುದೋ ಎಳೆಯ ಬೆರಳು
ಇದನ್ನು ಒಳಗೆ ಬಿಟ್ಟು
ಎಲ್ಲಿ ಹೋಯಿತೆಂದು ಬಗ್ಗಿ ನೋಡಿರಬೇಕು.
ಹದಿನೇಳು ವರ್ಷ ಮೂಲೆಯಲ್ಲಿ ಮಲಗಿದ್ದದ್ದು
ಮೊನ್ನೆಯ ರಸ್ತೆಗುಂಡಿಗೆ ಎಚ್ಚರಾಗಿ
ಬಾಗಿಲಿಗೇ ಅಡ್ಡ ಕೂತಿದೆ.
ಆ ಬೆರಳಿಗೀಗ ಉಂಗುರವೂ ಬಂದಿರಬಹುದು.

ಜಾರಿದ ಕೊಂಡಿಗೆ ಗಾಳದ ದಾರ ಬಿಗಿದು
ಎಲ್ಲ ಒತ್ತಿ ಕೂಡಿಸಿದ ಮೇಲೆ
ಅಂಗೈಯಲ್ಲಿ ಒಂದು ಸ್ಕ್ರೂ.
ಬಾಗಿಲು ತೆರೆದು, ಕಾರು ಶುರುಮಾಡಿ,
‘ಇದೆಲ್ಲಿಯದು?’ ಎಂದು ಕಾರನ್ನೇ ಕೇಳಿದಳು.
ಕಾರು ತಡೆದು ತಡೆದು
ಎಡಗಿಂಡಿಯಿಂದ ಬೆಚ್ಚಗೆ ಉಸಿರು ಬಿಟ್ಟಿತು.

ಸ್ಕ್ರೂ, ಕಾಯಿ ಎರಡನ್ನೂ ಬೂದಿತಟ್ಟೆಗೆ ಹಾಕಿದಳು.
ಮೊದಲ ತಿರುವಿನಲ್ಲೇ
ಅವೆರಡೂ ಮಾತಿಗೆ ಶುರುವಿಟ್ಟವು.