ಖಜಾನೆ ಕೋಣೆ, ಎಂಟನೇ ಬಿ

ಕಡೂರಿನ ಹಳೇ ಕಚೇರಿ ಹೈಸ್ಕೂಲಾದಾಗ
ನನ್ನ ಪಾಲಿಗೆ ಬಂದದ್ದು ಖಜಾನೆ ಕೋಣೆ.
ಎರಡು ಮೊಳ ದಪ್ಪದ ಗೋಡೆ, ಒಂದೇ ಕಿಟಕಿ.
ತಕ್ಕಡಿ ತೂಗುತ್ತಿದ್ದ ಕೊಂಡಿಗೆ ಈಗ ಫ್ಯಾನು,
ಅದೂ ಅತ್ತಿತ್ತ ತೂಗಿಯೇ ತಿರುಗುತ್ತದೆ.

ಬಾಗಿಲಿಗೆ ಎರಡು ಬೀಗದ ಕಣ್ಣು.
ಒಂದು ಕೀ ಅಮಲ್ದಾರರದು, ಇನ್ನೊಂದು ಶಿರಸ್ತೇದಾರರದು;
ಒಬ್ಬರನ್ನೊಬ್ಬರು ನಂಬದವರು
ಜೊತೆಗೆ ನಿಂತು ತೆರೆಯಬೇಕಿತ್ತು.
ಈಗ ಚಿಲಕವೂ ಇಲ್ಲ,
ಗಾಳಿಗೆ ಬಡಿಯದಿರಲೆಂದು ಒಂದು ಇಟ್ಟಿಗೆ.

ಗೋಡೆಯಲ್ಲಿ ಗೇಣಗಲದ ಕಿಂಡಿ.
ಕಂದಾಯ ಕಟ್ಟುವವರ ಕೈ ಮಾತ್ರ ಒಳಗೆ ಬರುತ್ತಿತ್ತಂತೆ.
‘ನಮ್ಮ ಮುತ್ತಜ್ಜಂದು ಅದೂ ಬರಂಗಿರ್ಲಿಲ್ಲ ಮಿಸ್,
ದುಡ್ಡು ಹೊರಗೆ ಕಲ್ಲಿನ ಮೇಲೆ ಇಟ್ಟು ದೂರ ನಿಲ್ಬೇಕಿತ್ತು’
ಅಂದ ತಿಪ್ಪೇಶ,
ಬಸ್ಸು ಎಷ್ಟು ಗಂಟೆಗೆಂದು ಹೇಳುವಷ್ಟು ಸಲೀಸಾಗಿ.
ಅಂದವನೇ ಅದೇ ಕಿಂಡಿಯಲ್ಲಿ ಮೊಣಕೈವರೆಗೂ ತೋಳು ತೂರಿಸಿ
ವರಾಂಡದಲ್ಲಿದ್ದ ನಾಜ್ನೀನಳಿಂದ
ಜಾಮಿಟ್ರಿ ಬಾಕ್ಸು ಇಸಕೊಂಡ.

ನಾನು ಬಡ್ಡಿ ಲೆಕ್ಕ ಹೇಳಿಕೊಡುತ್ತಿದ್ದೆ.
ಅಸಲು, ದರ, ಅವಧಿ.
ಸೀಮೆಸುಣ್ಣ ಮುರಿಯಿತು.
ಹೋಂವರ್ಕ್ ಯಾರ್ಯಾರದು ಬಾಕಿ ಅಂತ ಕೇಳಲು
ಆವತ್ತು ನಾಲಿಗೆ ಏಳಲಿಲ್ಲ.

ಪರೀಕ್ಷೆ ಬಂದರೆ ಕೋಣೆಗೆ
ಹಳೇ ನೌಕರಿ ನೆನಪಾಗುತ್ತದೆ:
ಹೊಸ ಬೀಗ, ಅರಗಿನ ಮುದ್ರೆ,
ಸ್ಟೂಲಿನ ಮೇಲೆ ತೂಕಡಿಸುವ ಪೇದೆ.
ಒಳಗೆ, ಬಟ್ಟೆಯಲ್ಲಿ ಹೊಲಿದ ಉತ್ತರಪತ್ರಿಕೆಯ ಗಂಟು.

ಎರಡು ವರ್ಷಕ್ಕೆ ತಿಪ್ಪೇಶನದೂ ಅದರಲ್ಲಿರುತ್ತದೆ.
ಬಡ್ಡಿ ಲೆಕ್ಕದಲ್ಲಿ ಅವನು
ಈಗಲೂ
ಅವಧಿ ಬರೆಯಲು ಮರೆಯುತ್ತಾನೆ.